ಎರಡು ಕಾರ್ಡುಗಳ ಹುಟ್ಟುಹೆಸರು

"ಹುಟ್ಟಿದಾಗ ನಿನ್ನ ಹೆಸರೇನಿತ್ತು?"

ಲಬೀಬ್ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಕಬ್ಬಿಣದ ಕಪಾಟಿನಲ್ಲಿ ಸರ್ವರ್ ಒಂದೇ ಶ್ರುತಿಯಲ್ಲಿ ಗೊರಗುಡುತ್ತಿತ್ತು. ಅದರ ಬೆನ್ನಿನಲ್ಲಿ ಮೂರು ನೆಟ್‌ವರ್ಕ್ ಕಾರ್ಡು, ಮೂರಕ್ಕೂ ಒಂದೊಂದು ಕೇಬಲ್ಲು, ಕೇಬಲ್ಲಿನ ಬುಡದಲ್ಲಿ ಮಿಟುಕುವ ಹಸಿರು ದೀಪ. ಈ ಕೋಣೆ ಹಿಂದೆ ಕಕ್ಕಸಾಗಿತ್ತು. ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಸರಕು ಬಿಡಿಸುವ ಈ ಕಂಪನಿ, ಕಂಪ್ಯೂಟರು ತರಿಸಿದ ವರ್ಷ, ಗುಂಡಿಗೆ ಸಿಮೆಂಟು ತುಂಬಿ, ಮೇಲೆ ಬಿಳಿ ಟೈಲು ಕೂರಿಸಿ, ಗೋಡೆಗೊಂದು ಏಸಿ ತಗುಲಿಸಿ, ಬಾಗಿಲ ಮೇಲೆ 'ಯಂತ್ರದ ಕೋಣೆ' ಎಂದು ಬರೆಸಿತ್ತು. ಆದರೂ ಮರಳುಗಾಡಿನ ಕಡೆಯಿಂದ ಖಮ್ಸೀನ್ ಧೂಳುಗಾಳಿ ಬೀಸಿದ ದಿನ ಸಿಮೆಂಟಿನ ಅಡಿಯಿಂದ ಆ ಹಳೆಯ ವಾಸನೆ ಎದ್ದು ಬರುತ್ತಿತ್ತು. ಇವತ್ತು ಬಂದಿತ್ತು. ಕಾರ್ಡುಗಳಿಗೆ ಬೇರೆ ಹೆಸರಿಟ್ಟ ಹಾಗೆ ಕೋಣೆಗೂ ಬೇರೆ ಹೆಸರಿಟ್ಟಿದ್ದಾರೆ, ಅಷ್ಟೇ, ಅನ್ನಿಸಿತು ಅವನಿಗೆ. ಕೀಬೋರ್ಡಿನ ಸಂದಿಗಳಲ್ಲಿ ಜೊತೆಯ ಕೆಲಸಗಾರ ಗಾಬಿರ್ ಉಗಿದ ಕುಂಬಳಬೀಜದ ಸಿಪ್ಪೆ ಸಿಕ್ಕಿಕೊಂಡಿತ್ತು. ಗುಂಡಿಗಳ ಮೇಲೆ ಎಣ್ಣೆ, ಬೆಳಿಗ್ಗೆ ಬೀದಿಯ ಗಾಡಿಯಲ್ಲಿ ಬಿಸಿಬಿಸಿ ತಾಮಿಯ್ಯಾ ವಡೆ ತಿಂದ ಬೆರಳುಗಳ ಎಣ್ಣೆ. ಆ ಬೆರಳುಗಳೇ ನಡುವಿನ ಕಾರ್ಡಿನ ಹೊಸ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದ್ದವು. ಲಬೀಬ್ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಟೈಪು ಮಾಡಲು ನೋಡಿದ. ಆಗಲಿಲ್ಲ. ಬರಿ ಬೆರಳಿನಿಂದಲೇ ಆ ಎಣ್ಣೆಯನ್ನು ಮುಟ್ಟಬೇಕಾಯಿತು.

ಮೂರು ಕಾರ್ಡುಗಳಲ್ಲಿ ಮೊದಲನೆಯದಕ್ಕೆ ಯಂತ್ರ ತಾನೇ ಇಟ್ಟ ಒಣ ಹೆಸರು: ಈಥ್ ಸೊನ್ನೆ. ಆಫೀಸಿನ ಒಳಗಿನ ಕೆಲಸ ಅದರದು. ಮೂರನೆಯದಕ್ಕೆ ಹೆಂಗಸಿನ ಹೆಸರು, ಬಹಿಯ್ಯಾ, ಲಾರಿ ತೂಗುವ ಕಟ್ಟೆಯಿಂದ ಬರುವ ಲೈನು. ಅದು ಬಹಿಯ್ಯಾ ಆಗಿ ಒಂಬತ್ತು ವರ್ಷವಾಗಿತ್ತು, ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ಲಾರಿ ಡ್ರೈವರುಗಳು ಕೂಡ ಕ್ಯೂ ಬೆಳೆದಾಗ "ಬಹಿಯ್ಯಾ ಇವತ್ತು ಎದ್ದಿಲ್ಲ" ಅನ್ನುತ್ತಿದ್ದರು. ನಡುವಿನದು ಕಸ್ಟಮ್ಸ್ ಲೈನು. ಇಪ್ಪತ್ತು ದಿನದ ಹಿಂದೆ, ಲಬೀಬ್ ರಜೆಯಲ್ಲಿದ್ದಾಗ, ಆ ಕಾರ್ಡು ಸುಟ್ಟುಹೋಗಿ ಗಾಬಿರ್ ಹೊಸದನ್ನು ಹಾಕಿದ್ದ. ಹಾಕಿ, ಹೊಸ ಹೆಸರನ್ನೂ ಇಟ್ಟಿದ್ದ. ಆ ಹೆಸರು ಲಬೀಬನ ತಾಯಿಯದು.

ಲಬೀಬ್ ಓದಿದ ಕರ್ಮೂಜ್ ಕೇರಿಯ ಶಾಲೆಯಲ್ಲಿ ಮೂರನೆಯ ತರಗತಿಯ ಒಬ್ಬ ಹುಡುಗನ ತಾಯಿಯ ಹೆಸರು ಹೇಗೋ ಹೊರಬಿದ್ದಿತ್ತು. ಆ ಹೆಸರನ್ನು ಹಾಡು ಮಾಡಿಕೊಂಡು ನಲವತ್ತು ಮಂದಿ ಅವನ ಸುತ್ತ ಕುಣಿದಿದ್ದರು. ಅವನು ಒಬ್ಬನ ಕಿವಿ ಕಚ್ಚಿ ರಕ್ತ ಬರಿಸಿ ಶಾಲೆ ಬಿಟ್ಟುಹೋದ. ಲಬೀಬನ ತಾಯಿ ಅದಾದ ಮೇಲೆ ಶಾಲೆಯ ಗೇಟಿನ ಹೊರಗೇ ನಿಲ್ಲುತ್ತಿದ್ದಳು. ಯಾರು ಬಂದಿದ್ದಾರೆ ಎಂದು ಕಾವಲುಗಾರ ಕೇಳಿದರೆ ಲಬೀಬನ ತಾಯಿ, ಅಷ್ಟೇ. ಮದುವೆಯ ಕಾಗದದಲ್ಲಿ ಅವಳು ಇಂಥ ಹಾಜಿಯ ಮಗಳು, ಸಾವಿನ ಕಾಗದದಲ್ಲಿ ಇಂಥವನ ತಾಯಿ ಆಗುವವಳು. ಮಾಟ ಮಾಡುವವರು ಮೊದಲು ಕೇಳುವುದೇ ತಾಯಿಯ ಹೆಸರನ್ನ ಮಗಾ, ಎಂದು ಅಜ್ಜಿ ಹೇಳುತ್ತಿದ್ದಳು. ಕೂದಲು ಇಲ್ಲದಿದ್ದರೂ ಆದೀತು, ಹೆಸರಿಲ್ಲದೆ ಆಗದು. ಇಷ್ಟು ಜೋಪಾನ ಮಾಡಿದ ವಸ್ತುವಿಗಿಂತ ಒಳ್ಳೆಯ ಗುಟ್ಟು ಎಲ್ಲಿ ಸಿಕ್ಕೀತು? ಅದಕ್ಕೇ ಈ ಆಫೀಸಿನ ಗಂಡಸರೆಲ್ಲರ ಪಾಸ್‌ವರ್ಡೂ ಅವರವರ ತಾಯಿಯ ಹೆಸರೇ ಆಗಿತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಒಬ್ಬೊಬ್ಬನೂ ತಾನೊಬ್ಬನೇ ಜಾಣನೆಂದು ತಿಳಿದು ಅದನ್ನೇ ಇಟ್ಟುಕೊಂಡಿದ್ದ.

ಆ ರಜೆಯಲ್ಲಿ, ಆಸ್ಪತ್ರೆಯ ಓಣಿಯಲ್ಲಿ ನರ್ಸು ತಾಯಿಯ ಹೆಸರನ್ನು ಕಿರುಚಿ ಕರೆದಾಗ ಲಬೀಬನ ಮೈ ಜುಮ್ಮೆಂದಿತ್ತು. ಬೆಂಚಿನ ಮೇಲಿದ್ದ ಗಂಡಸರೆಲ್ಲ ತಲೆಯೆತ್ತಿದ ಹಾಗೆ ಅನ್ನಿಸಿತ್ತು. ತಾಯಿ ಮಾತ್ರ "ನಾನೇ ಮಗಳೇ, ಬಂದೆ" ಎಂದು ಸರಾಗವಾಗಿ ಎದ್ದು, ಗೋಡೆ ಸವರುತ್ತ ಒಳಗೆ ಹೋದಳು. ಕಣ್ಣಿನ ಪೊರೆ ತೆಗೆಸಿ ಹೊರಗೆ ಮಲಗಿಸಿದ್ದಾಗ ಗಾಬಿರ್ ಫೋನು ಮಾಡಿದ. ಕಸ್ಟಮ್ಸ್ ಲೈನು ಸತ್ತಿದೆ, ನಿನ್ನ ಪಾಸ್‌ವರ್ಡು ಬೇಕು, ಈಗಲೇ, ಹಡಗು ನಿಂತಿದೆ. ಲಬೀಬ್ ಗೋಡೆಯ ಕಡೆ ತಿರುಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಪಿಸುದನಿಯಲ್ಲಿ ಹೇಳಿದ. "ಕೇಳಿಸ್ಲಿಲ್ಲ, ಬಿಡಿಸಿ ಹೇಳು" ಎಂದ ಗಾಬಿರ್. ಬಿಡಿಸಿ ಹೇಳಿದ. ಹಿಂದಿನಿಂದ, ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ತಾಯಿ, "ಏನ್ ಮಗಾ, ಕರೆದ್ಯಾ?" ಎಂದಳು. ತಂದೆ ಸತ್ತ ಮೇಲೆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಇಲ್ಲಮ್ಮಾ, ಆಫೀಸಿನ ಕೆಲಸ" ಎಂದ. ಫೋನಿನ ಆ ತುದಿಯಲ್ಲಿ ಗಾಬಿರ್ ಅದನ್ನೂ ಕೇಳಿಸಿಕೊಂಡು ಮೂಗಿನಲ್ಲಿ ನಕ್ಕಿದ್ದ.

ರಜೆ ಮುಗಿಸಿ ಬಂದ ದಿನ ಅವನು ಜಗಳವಾಡಬಹುದಿತ್ತು. ಆಡಲಿಲ್ಲ. ಕೋಪ ತೋರಿಸಿದರೆ ಅದು ತನ್ನ ತಾಯಿಯದೇ ಎಂದು ಒಪ್ಪಿಕೊಂಡಂತಾಗುತ್ತದೆ ಎಂದು ಲೆಕ್ಕ ಹಾಕಿ ನಕ್ಕಿದ್ದ. ನಗು ಮುಖದ ಮೇಲೆ ಒಣಗಿದ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು, ಸಂಜೆ ಮುಖ ತೊಳೆದರೂ ಹೋಗಲಿಲ್ಲ. ಮೂರನೆಯ ದಿನ ಕಸ್ಟಮ್ಸಿನ ಗುಮಾಸ್ತ ಫೋನು ಮಾಡಿ, ನಿಮ್ಮ ಕಡೆಯ ಲೈನಿನ ಹೆಸರು ಬರೆದುಕೊಳ್ಳಬೇಕು, ಹೇಳಿ ಎಂದ. ಲಬೀಬ್ ಹೇಳಿದ. ಮತ್ತೊಮ್ಮೆ ಎಂದ. ಮತ್ತೊಮ್ಮೆ ಹೇಳಿದ. ಗುರುತೇ ಇಲ್ಲದ ಒಬ್ಬ ಗಂಡಸು ಆ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸಿ, "ಚೆನ್ನಾಗಿದೆ, ಹಳೇ ಕಾಲದ ಹೆಸರು" ಎಂದ. ಲಬೀಬ್ ಆ ಮಾತಿಗೆ ಥ್ಯಾಂಕ್ಸ್ ಕೂಡ ಹೇಳಿದ್ದ.

ಇವತ್ತು ಬೆಳಿಗ್ಗೆ ಇಂಜಿನಿಯರ್ ಸಫ್ವತ್ ಎಲ್ಲರನ್ನೂ ಕರೆದಿದ್ದರು. ಯಂತ್ರ ವಿಭಾಗಕ್ಕೆಲ್ಲ ಅವರೇ ಹಿರಿಯರು. ಲೈನುಗಳ ನಕ್ಷೆ ಸಿದ್ಧವಾಗಿದೆ, ಒಂದೊಂದು ಕಾರ್ಡಿನ ಹೆಸರೂ ದಪ್ಪ ಅಕ್ಷರದಲ್ಲಿ ಇರುತ್ತದೆ, ಮಧ್ಯಾಹ್ನದ ನಮಾಜಿಗೆ ಮುಂಚೆ ಪ್ರಿಂಟಿಗೆ ಹೋಗುತ್ತದೆ. ದಮಿಯತ್ತಾ, ಪೋರ್ಟ್ ಸಯೀದ್, ಸುಯೆಜ್ ಶಾಖೆಗಳಿಗೆ ಒಂದೊಂದು, ಕಸ್ಟಮ್ಸಿನವರ ಗೋಡೆಗೆ ಒಂದು. ಎಲ್ಲರೂ ಎದ್ದುಹೋದ ಮೇಲೆ ಲಬೀಬ್ ಅಲ್ಲೇ ನಿಂತ.

"ಕಾರ್ಡುಗಳಿಗೆ ಮೂಲ ಹೆಸರನ್ನೇ ಹಾಕೋಣ ಸಾಹೇಬ್ರೇ."

"ಯಾಕೆ? ಇರೋದಕ್ಕೇನಾಗಿದೆ?"

ಏನಾಗಿದೆ ಎಂದು ಹೇಳುವುದೂ ಒಂದೇ, ಆ ಹೆಸರನ್ನು ಹೇಳುವುದೂ ಒಂದೇ. "ಶಿಸ್ತಾಗಿರ್ಲಿ ಅಂತ" ಎಂದ.

"ಒಂಬತ್ತು ವರ್ಷ ಇಲ್ಲದ ಶಿಸ್ತು." ಸಫ್ವತ್ ಕನ್ನಡಕ ಒರೆಸಿಕೊಂಡರು. "ಆಯ್ತಪ್ಪಾ. ಯಾವುದು ಈಥ್ ಒಂದು, ಯಾವುದು ಈಥ್ ಎರಡು, ಖಾತ್ರಿ ಮಾಡ್ಕೊಂಡು ಬಾ. ಹಳೇ ಸೆಟ್ಟಿಂಗ್ ಎಲ್ಲಾ ಹಳೇ ಹೆಸರನ್ನೇ ನಂಬ್ಕೊಂಡು ಕೂತಿದೆ. ಅದಲುಬದಲಾಯ್ತು ಅಂದ್ರೆ ಲಾರಿ ತೂಕ ಕಸ್ಟಮ್ಸಿಗೆ ಹೋಗ್ತದೆ, ಕಸ್ಟಮ್ಸ್ ಕಾಗದ ಲಾರಿಯವನಿಗೆ. ಅಂದಾಜಿನ ಮೇಲೆ ಕೈ ಹಾಕ್ಬೇಡ. ನಮಾಜಿಗೆ ಮುಂಚೆ ಹೇಳಿದ್ರೆ ಸರಿ, ಇಲ್ಲಾಂದ್ರೆ ಇದ್ದ ಹಾಗೇ ಪ್ರಿಂಟು."

ಅದಕ್ಕೇ ಈಗ ಹುಡುಕುತ್ತಿದ್ದ. ಯಂತ್ರ ಎದ್ದಾಗ ಏನೇನು ಕಂಡಿತು, ಯಾವುದಕ್ಕೆ ಏನು ಹೆಸರಿಟ್ಟಿತು, ಆಮೇಲೆ ಯಾರ ಮಾತು ಕೇಳಿ ಅದನ್ನು ಬದಲಿಸಿತು, ಎಲ್ಲವನ್ನೂ ಅದು ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ಆದರೆ ಹತ್ತಿರದ ನೆನಪು ಚಿಕ್ಕದು. ಇಪ್ಪತ್ತು ದಿನದಲ್ಲಿ ಸಾವಿರಾರು ಸಾಲು ಅದರ ಮೇಲೆ ಹರಿದುಹೋಗಿ ಮೊದಲಿನದು ಅಳಿಸಿಹೋಗಿತ್ತು. ಹೊಸ ಹೆಸರುಗಳ ಆಜ್ಞೆಯನ್ನು ಬರೆದಿಟ್ಟ ಫೈಲು ಒಂದಿತ್ತು. ಅದನ್ನು ತೆರೆದಿದ್ದರೆ ಎರಡು ನಿಮಿಷದ ಕೆಲಸ. ಅವನು ಅದನ್ನು ತೆರೆಯಲಿಲ್ಲ. ಮೊದಲು ಕಪಾಟಿನ ಹಿಂದೆ ಬಗ್ಗಿ, ಟಾರ್ಚು ಹಿಡಿದು, ಕಾರ್ಡುಗಳ ಮೇಲೆ ಅಂಟಿಸಿದ ಚೀಟಿಗಳನ್ನು ಓದಲು ನೋಡಿದ. ಕಾರ್ಖಾನೆಯಲ್ಲಿ ಸುಟ್ಟು ಬರೆದ ಹನ್ನೆರಡು ಅಕ್ಷರದ ಗುರುತು ಅಲ್ಲಿರುತ್ತದೆ, ಹೆಸರು ಎಷ್ಟು ಬದಲಾದರೂ ಅದು ಬದಲಾಗುವುದಿಲ್ಲ. ಧೂಳು ಜಿಡ್ಡಾಗಿ ಕಪ್ಪು ತುಪ್ಪಳದಂತೆ ಬೆಳೆದಿತ್ತು, ಅದರಲ್ಲಿ ಒಂದು ಸತ್ತ ಜಿರಳೆ ಅಂಗಾತ ಬಿದ್ದಿತ್ತು. ಗುರುತೇನೋ ಸಿಕ್ಕಿತು, ಹೆಸರು ಸಿಗಲಿಲ್ಲ. ಆಮೇಲೆ ವಾರವಾರಕ್ಕೆ ಮಡಿಚಿ ಗಂಟು ಕಟ್ಟಿಟ್ಟ ಹಳೆಯ ದಿನಚರಿಗಳನ್ನು ಬಿಚ್ಚಲು ಕೂತ.

ಬಾಗಿಲು ತಳ್ಳಿಕೊಂಡು ಗಾಬಿರ್ ಬಂದ. ಅವನಿಗಿಂತ ಮೊದಲು ಅವನ ಹೊಟ್ಟೆ, ಹೊಟ್ಟೆಗಿಂತ ಮೊದಲು ಬೀಜ ಕಡಿಯುವ ಸದ್ದು.

"ಏನ್ ಶೇಖ್ ಸಾಹೇಬ್ರೇ, ಕಕ್ಕಸಲ್ಲಿ ಕೂತು ಜಪ ಮಾಡ್ತಿದೀರಾ?"

ಅಜ್ಜ ಖುರಾನ್ ಓದುವ ಶೇಖ್ ಆಗಿದ್ದರು ಎಂದು ಸೇರಿದ ಹೊಸದರಲ್ಲಿ ಹೇಳಿಕೊಂಡದ್ದಕ್ಕೆ ಇದು ಶಿಕ್ಷೆ. ಲಬೀಬ್ ತಿರುಗಿ ನೋಡಲಿಲ್ಲ. "ಕಸ್ಟಮ್ಸ್ ಕಾರ್ಡಿಗೆ ನೀನು ಹೆಸರು ಬದಲಾಯಿಸೋಕೆ ಮುಂಚೆ ಏನಿತ್ತು?"

"ಯಾವ ಕಾರ್ಡು?" ಗಾಬಿರ್ ಸಿಪ್ಪೆ ಉಗಿದ. ಆಮೇಲೆ ಹೆಸರನ್ನು ಹೇಳಿದ, ಮೆಲ್ಲಗೆ, ಪ್ರೀತಿಯಿಂದಲೋ ಎಂಬಂತೆ. "ಅದಾ?"

"ಹೂಂ."

"ಯಾರಿಗೆ ನೆನಪಿದೆ ಮಾರಾಯಾ! ಒಂದೋ ಎರಡೋ. ಬೇಜಾರಾಯ್ತಾ? ನಾನು ಗೌರವಕ್ಕೆ ಇಟ್ಟದ್ದು. ಬಹಿಯ್ಯಾ ಒಬ್ಳೇ ಕೂತಿದ್ಲು, ಜೊತೆ ಆಗ್ಲಿ ಅಂತ."

"ಬಾಯಿ ಮುಚ್ಚು."

"ಓಹೋ!" ಗಾಬಿರನ ಕಣ್ಣು ನಿಜವಾಗಿಯೂ ಅರಳಿತು. "ನನಗೆ ಬಾಯಿ ಮುಚ್ಚು ಅಂತೀಯ? ಈ ಆಟ ಕಲಿಸ್ಕೊಟ್ಟ ಮೇಷ್ಟ್ರು ಯಾರಪ್ಪಾ? ನಾನು ದಡ್ಡ ಶಿಷ್ಯ, ಒಂಬತ್ತು ವರ್ಷಕ್ಕೆ ಪಾಠ ಒಪ್ಪಿಸಿದೀನಿ." ಹೋಗುತ್ತ ಲಬೀಬನ ಹೆಗಲು ತಟ್ಟಿದ. ಅಂಗಿಯ ಮೇಲೆ ಎಣ್ಣೆಯ ನಾಲ್ಕು ಬೆರಳು ಉಳಿಯಿತು.

ಮೂರನೆಯ ವಾರದ ಗಂಟಿನಲ್ಲಿ ಸಾಲು ಸಿಕ್ಕಿತು. ನಡುವಿನ ಕಾರ್ಡಿನ ಗುರುತು, ಅದರ ಮುಂದೆ ತಾಯಿಯ ಹೆಸರು, ಅದರ ಮುಂದೆ: ಮೊದಲಿನ ಹೆಸರು ಈಥ್ ಒಂದು. ಯಂತ್ರ ಯಾವ ಹಂಗೂ ಇಲ್ಲದೆ, ಬೆಳಿಗ್ಗೆ ಹತ್ತು ಹದಿನೇಳಕ್ಕೆ, ಸೆಕೆಂಡಿನ ಲೆಕ್ಕದೊಂದಿಗೆ ಬರೆದುಕೊಂಡಿತ್ತು. ಹತ್ತು ಹದಿನೇಳಕ್ಕೆ ತಾಯಿ ಆಸ್ಪತ್ರೆಯಲ್ಲಿ ನೀರು ಕೇಳಿದ್ದಳು. ಲಬೀಬನಿಗೆ ಗೆದ್ದ ಹಾಗಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಕಣ್ಣು ಆಗಲೇ ಮುಂದಿನ ಸಾಲಿಗೆ ಹೋಗಿತ್ತು: ಬಹಿಯ್ಯಾ, ಮೊದಲಿನ ಹೆಸರು ಈಥ್ ಎರಡು. ಎರಡು ಸಾಲು ಒಂದರ ಕೆಳಗೊಂದು, ಒಂದೇ ಅಳತೆ, ಒಂದೇ ಕೊನೆ. ಚಿಕ್ಕಂದಿನಿಂದ ಅಜ್ಜನ ಖುರಾನ್ ಓದುವಿಕೆಯನ್ನು ಕೇಳಿ ಬೆಳೆದ ಕಿವಿ ಅದು. ಒಂದು ಸಾಲು ಇನ್ನೊಂದಕ್ಕೆ ಜೋಡಿಯಾಗಿ ಬಂದರೆ ಒಂದನ್ನೇ ಕೇಳಿ ಎದ್ದುಹೋಗಲು ಅದಕ್ಕೆ ಬರುವುದಿಲ್ಲ.

ನೀರು ಕುಡಿಯಲು ಹೊರಗೆ ಹೋದ. ಕಾಗದ ಪತ್ರದ ವಿಭಾಗದ ಮದಾಮ್ ಇನ್ಸಾಫ್ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು, ಧೂಳು ಬರದ ಹಾಗೆ. ಆಫೀಸಿನಲ್ಲಿ ಇರುವ ಒಬ್ಬರೇ ಹೆಂಗಸು. ಇಪ್ಪತ್ತೆರಡು ವರ್ಷದ ಸರ್ವೀಸು.

"ಮುಖ ಯಾಕೋ ಹಾಗಿದೆ? ಅಮ್ಮನ ಕಣ್ಣು ಹೇಗಿದೆ?"

"ದೇವರ ದಯೆ. ಚೆನ್ನಾಗಿದಾರೆ."

"ಗೊತ್ತು ನನಗೆ, ಏನು ಹುಡುಕ್ತಿದೀಯ ಅಂತ. ಇಡೀ ಆಫೀಸಿಗೇ ಗೊತ್ತು." ಬಟ್ಟೆ ಹಿಂಡಿದರು, ಕೆಂಪು ನೀರು ಬಕೆಟ್ಟಿಗೆ ಬಿತ್ತು. "ನನ್ನ ದೊಡ್ಡ ಮಗ ಇದಾನಲ್ಲ, ಸ್ಕೂಲಿನ ಫಾರಂನಲ್ಲಿ ನನ್ನ ಹೆಸರಿನ ಮೇಲೆ ಮಸಿ ಚೆಲ್ಲಿದ್ದ. ಕೈ ಜಾರಿತು ಅಂದ. ನಾನು ಅವತ್ತು ಅಡುಗೆ ಮಾಡ್ಲಿಲ್ಲ. ಕಳ್ಳಮಾಲಾ ನಾವು? ಸತ್ತ ಮೇಲೆ, ತೀರ್ಪಿನ ದಿನ, ಎಲ್ಲರನ್ನೂ ತಾಯಿ ಹೆಸರು ಹಿಡಿದೇ ಕೂಗಿ ಎಬ್ಬಿಸ್ತಾರೆ ಅಂತ ನೀವೇ ಹೇಳ್ತೀರಿ. ಅವತ್ತು ಎಲ್ಲಿ ಬಚ್ಚಿಟ್ಕೋತೀರೋ?"

"ಹಾಗಲ್ಲ ಮದಾಮ್. ಅವನ ಬಾಯಲ್ಲಿ ಕೇಳೋಕಾಗಲ್ಲ."

"ಅವನ ಬಾಯಿ ಕೊಳಕು ಅನ್ನು, ಒಪ್ತೀನಿ. ಹೆಸರು ಕೊಳಕು ಅನ್ನೋ ಹಾಗೆ ಮುಖ ಮಾಡ್ಬೇಡ." ಬಟ್ಟೆಯನ್ನು ಮತ್ತೆ ಸಂದಿಗೆ ಒತ್ತಿದರು. "ನಿನಗೆ ಇಪ್ಪತ್ತು ದಿನಕ್ಕೆ ಇಷ್ಟಾಯ್ತು. ಪಾಪ, ತೂಕದ ಕಟ್ಟೆಯ ಶುಕ್ರಿ ಹಾಜಿ."

ಲಬೀಬ್ ನೀರು ಕುಡಿದ. ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು, ಕುಡಿದ ಮೇಲೆ ಕಂಡಿತು. ಕೋಣೆಗೆ ಬಂದು, ಬಾಗಿಲು ಹಾಕಿ, ಬೆಳಿಗ್ಗೆಯಿಂದ ದಾಟಿಕೊಂಡು ಹೋಗುತ್ತಿದ್ದ ಆ ಫೈಲನ್ನು ತೆರೆದ. ಎರಡೇ ಆಜ್ಞೆ. ಕೆಳಗಿನದು ಗಾಬಿರನದು, ಇಪ್ಪತ್ತು ದಿನದ ಹಿಂದಿನದು, ಬೇರೆ ಮಾತಿಲ್ಲದೆ. ಮೇಲಿನದು ಒಂಬತ್ತು ವರ್ಷದ್ದು, ಮತ್ತು ಅದರ ತಲೆಯ ಮೇಲೆ, ಯಂತ್ರ ಓದದೆ ಬಿಡುವ, ಮನುಷ್ಯರು ಮಾತ್ರ ಓದುವ ಒಂದು ಸಾಲು ಟಿಪ್ಪಣಿ: 'ಶುಕ್ರಿಯನ್ನು ಹೆತ್ತ ತಾಯಿಗೆ ನಮ್ಮೆಲ್ಲರ ಸಲಾಮು. ಇಂತಿ, ಲಬೀಬ್.'

ಇಪ್ಪತ್ತೈದು ವರ್ಷ ಅವನಿಗಾಗ. ಸೇರಿ ಮೂರು ವಾರವಾಗಿತ್ತು, ಮೂರು ವಾರವೂ ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ತಿಂದಿದ್ದ. ಯಂತ್ರದ ಕೋಣೆ ಶುಕ್ರಿಯ ವಶದಲ್ಲಿತ್ತು; ಕೆಲಸ ಹೇಳಿಕೊಟ್ಟವನು ಅವನೇ. ಮಾತು ಕಡಮೆ, ತಪ್ಪಾದರೆ ಬೈಯದೆ ಪಕ್ಕಕ್ಕೆ ಸರಿಸಿ ತಾನೇ ಮಾಡಿ ತೋರಿಸುವವನು. ಒಂದು ಬೆಳಿಗ್ಗೆ ಕೀಬೋರ್ಡು ಒರೆಸಲು ಎತ್ತಿದಾಗ ಅಡಿಯಲ್ಲಿ ಚೀಟಿ, ಚೀಟಿಯಲ್ಲಿ ಹೆಂಗಸಿನ ಹೆಸರು. ಅದು ಏನೆಂದು ಲಬೀಬನಿಗೆ ತಕ್ಷಣ ತಿಳಿದಿತ್ತು, ಯಾಕೆಂದರೆ ತನ್ನದೂ ಅದೇ ಜಾಣತನ. ಹಿಂದಕ್ಕಿಟ್ಟುಬಿಡಬಹುದಿತ್ತು. ಗಾಬಿರ್‌ಗೆ ತೋರಿಸಿದ. ಆಮೇಲೆ, ತೋರಿಸಿದ್ದು ಸಾಲದು ಎಂಬಂತೆ, ಕಾರ್ಡಿಗೆ ಆ ಹೆಸರಿಟ್ಟರೆ ಹೇಗೆ ಎಂದು ತಾನೇ ಕೇಳಿ, ತಾನೇ ಕೂತು ಟೈಪು ಮಾಡಿದ. ಅವತ್ತು ಇಡೀ ಆಫೀಸು ಅವನ ಮಾತಿಗೆ ನಕ್ಕಿತು. ಗಾಬಿರ್ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕೈಗಿಟ್ಟ. ಆ ರೊಟ್ಟಿ ಎಷ್ಟು ರುಚಿಯಾಗಿತ್ತೆಂದರೆ ಇಷ್ಟು ವರ್ಷದ ಮೇಲೂ ಅದರ ಬೆಳ್ಳುಳ್ಳಿ ನಾಲಿಗೆಗೆ ಬಂತು. ಶುಕ್ರಿ ಮಧ್ಯಾಹ್ನ ಬಂದು ಪರದೆ ನೋಡಿದ. ಹೊರಗಿನ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದ. ಮರುತಿಂಗಳು ವರ್ಗ ಕೇಳಿದ. ಯಂತ್ರದಿಂದ ದೂರ ಎಲ್ಲಿಯಾದರೂ ಸರಿ ಎಂದಿದ್ದನಂತೆ. ತೂಕದ ಕಟ್ಟೆಯಲ್ಲಿ ಜಾಗ ಖಾಲಿ ಇತ್ತು. ಅವನ ಕುರ್ಚಿಗೆ ಲಬೀಬ್ ಬಂದ. ಶುಕ್ರಿಯ ಹಿಂದೆಯೇ ಆ ಹೆಸರೂ ಕೇಬಲ್ಲು ಹಿಡಿದುಕೊಂಡು ಕಟ್ಟೆಗೆ ಹೋಯಿತು, ಅಲ್ಲಿಂದ ಡ್ರೈವರುಗಳ ಬಾಯಿಗೆ.

ಐದನೆಯ ವರ್ಷ ಶುಕ್ರಿಯ ತಾಯಿ ತೀರಿಕೊಂಡಳು. ಬೀದಿಗೆ ಅಡ್ಡವಾಗಿ ಕಟ್ಟಿದ ಶೋಕದ ಶಾಮಿಯಾನದಲ್ಲಿ ಆಫೀಸಿನವರೆಲ್ಲ ಸಾಲಾಗಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದರು. ಖುರಾನ್ ಓದುವವನ ಕಂಠ ಒಳ್ಳೆಯದಿತ್ತು. ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ನಿಲ್ಲಿಸಬಾರದೋ ಅಲ್ಲಿ ತೇಲಿಸಿಕೊಂಡು ಹೋಗುತ್ತಿದ್ದ. ಲಬೀಬ್ ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಗಾಬಿರ್ ಅವನ ಕಿವಿಗೆ ಬಾಗಿ, "ಇನ್ನು ಲೈನು ಮೇಲೇಳೋದು ಅನುಮಾನ" ಎಂದ. ನಗು ಬಂತು. ಪವಿತ್ರ ವಾಕ್ಯ ನಡೆಯುತ್ತಿರುವಾಗಲೇ, ಸತ್ತವಳ ಮಗ ಹತ್ತು ಅಡಿ ದೂರದಲ್ಲಿ ನಿಂತಿರುವಾಗಲೇ, ಹೊಟ್ಟೆಯೊಳಗಿಂದ ವಾಂತಿಯಂತೆ ನುಗ್ಗಿ ಬಂತು. ತುಟಿ ಕಚ್ಚಿಕೊಂಡು, ತಲೆ ತಗ್ಗಿಸಿ, ಹೆಗಲು ಅಲುಗಿಸಿದ. ಶುಕ್ರಿ ನೋಡಿದ್ದ. ಅಳುತ್ತಿದ್ದಾನೆಂದು ತಿಳಿದನೋ ಏನೋ. ಹಾಗೆ ತಿಳಿದಿರಲಿ ಎಂದು ಲಬೀಬ್ ಒಂದೆರಡು ವರ್ಷ ಹಾರೈಸಿದ್ದ, ಆಮೇಲೆ ಹಾರೈಸುವುದನ್ನೂ ಮರೆತಿದ್ದ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದು ಕಟ್ಟೆಗೆ ಫೋನು ಮಾಡಿ, ಆ ಹೆಸರಿನಿಂದಲೇ ಲೈನು ಸರಿಯಿದೆಯೇ ಎಂದು ಕೇಳಿದ್ದ.

ಹನ್ನೊಂದು ಗಂಟೆ. ಸಫ್ವತ್‌ಗೆ ಫೋನು ಮಾಡಿ, ನಡುವಿನದು ಒಂದು, ತೂಕದ್ದು ಎರಡು, ದಿನಚರಿಯಲ್ಲೇ ಸಿಕ್ಕಿದೆ ಎಂದ. ಮಾಡು, ಆದರೆ ಕಟ್ಟೆಯ ಲೈನು ನಿಲ್ಲಿಸುವ ಮುಂಚೆ ಶುಕ್ರಿಗೆ ಹೇಳಿ ಲಾರಿ ತಡೆದುಕೋ ಎಂದರು. ಕಸ್ಟಮ್ಸ್ ಲೈನಿಗೆ ಯಾರನ್ನೂ ಕೇಳಬೇಕಿರಲಿಲ್ಲ. ಮಲಗಿಸಿ, ಹೆಸರು ಬದಲಿಸಿ, ಎಬ್ಬಿಸಿದ, ಅರ್ಧ ನಿಮಿಷ. ಪರದೆಯ ಮೇಲೆ ಈಥ್ ಒಂದು ಬಂದು ಕೂತಿತು, ಯಾರ ಮಗಳೂ ಅಲ್ಲದ, ಯಾರ ತಾಯಿಯೂ ಅಲ್ಲದ ಹೆಸರು. ಫೈಲಿನಿಂದಲೂ ಗಾಬಿರನ ಆಜ್ಞೆಯನ್ನು ಅಳಿಸಿದ. ಅಷ್ಟರಲ್ಲೇ ಗೋಡೆಯಾಚೆಯಿಂದ ಗಾಬಿರನ ದನಿ ಕೇಳಿಸಿತು. ಫೋನಿನಲ್ಲಿ ಯಾರಿಗೋ, ಹಾಂ ಹಾಂ, ಒಂದು ಸಲ ಬಿದ್ದೆದ್ದಳು, ಎಂದು ಲಬೀಬನ ತಾಯಿಯ ಹೆಸರು ಹಿಡಿದೇ ಹೇಳುತ್ತಿದ್ದ. ಯಂತ್ರದಿಂದ ತೆಗೆಯಬಹುದು. ಬಾಯಿಗಳಿಂದ ತೆಗೆಯುವ ಆಜ್ಞೆ ಯಾವುದು? ಲಬೀಬ್ ಲ್ಯಾಪ್‌ಟಾಪು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ.

ಅಂಗಳದಲ್ಲಿ ಆಕಾಶ ಹಳದಿಯಾಗಿತ್ತು. ಹಲ್ಲಿನ ನಡುವೆ ಮರಳು ಕರಕರ ಎನ್ನುತ್ತಿತ್ತು. ಎಂಟು ಲಾರಿ ಕಟ್ಟೆಯ ಮುಂದೆ ನಿಂತಿದ್ದವು, ಎಂಟರ ಹೊಗೆಯೂ ಅವನ ಮೂಗಿಗೆ ಬಂತು. ಕಟ್ಟೆಯ ಪಕ್ಕದ ಗಾಜಿನ ಗೂಡಿನಲ್ಲಿ ಶುಕ್ರಿ ಹಾಜಿ, ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಚಿಕ್ಕ ರೇಡಿಯೋದಲ್ಲಿ ಖುರಾನ್ ಓದುವಿಕೆ ಸಣ್ಣಗೆ ಬರುತ್ತಿತ್ತು. ಲಬೀಬ್ ಒಳಗೆ ಬಂದದ್ದು ನೋಡಿ ಒಂದು ವಾಕ್ಯ ಮುಗಿಯುವವರೆಗೆ ಕಾದು, ರೇಡಿಯೋ ಆರಿಸಿದ. ಅದು ನಡೆಯುತ್ತಿರುವಾಗ ಲೋಕದ ಮಾತು ಆಡಬಾರದು ಎಂದಿರಬೇಕು. ಲಬೀಬನ ಕಿವಿ ಬಿಸಿಯಾಯಿತು.

"ಎರಡು ನಿಮಿಷ ಲಾರಿ ತಡೀಬೇಕು ಹಾಜಿ. ಲೈನಿನ ಹೆಸರು ಬದಲಾಯಿಸ್ತೀನಿ."

"ಯಾವ ಹೆಸರು?"

ಲಬೀಬ್ ಬಾಯಿ ತೆರೆದ. ಬರಲಿಲ್ಲ.

"ಹೇಳು. ಒಂಬತ್ತು ವರ್ಷ ದಿನಾ ಹೇಳಿದೀಯಲ್ಲ."

"ಮೂಲ ಹೆಸರು ಸಿಕ್ತು. ಈಥ್ ಎರಡು."

"ಹುಡುಕೋಕೆ ಎಷ್ಟು ಹೊತ್ತಾಯ್ತು?"

"ಒಂದು... ಎರಡು ಗಂಟೆ."

"ಎರಡು ಗಂಟೆ," ಎಂದ ಶುಕ್ರಿ, ಲಾರಿಯ ತೂಕ ಓದಿ ಹೇಳುವ ದನಿಯಲ್ಲಿ. "ಕಸ್ಟಮ್ಸ್ ಲೈನಿಂದು?"

"ತೆಗೆದೆ."

"ಮೊದಲು ಅದು."

"ಹೌದು."

"ಸ್ವಂತ ನಾಲಿಗೆ ಸುಟ್ಟ ಮೇಲೆ ಸಾರು ಬಿಸಿ ಅಂತ ಗೊತ್ತಾಯ್ತು." ಶುಕ್ರಿ ಮೂಗಿನ ಬಟ್ಟೆ ಕೆಳಗಿಳಿಸಿದ. "ಅದಕ್ಕೆ ಯಾರ ಹೆಸರಿಟ್ಟಿದ್ರು ಅಂತ ನನಗೂ ಹೇಳಿದ್ರು, ನಗ್ತಾ ಬಂದು ಹೇಳಿದ್ರು, ನಾನು ಖುಷಿಪಡ್ತೀನಿ ಅಂತ. ಇಪ್ಪತ್ತು ದಿನದಲ್ಲಿ ಒಂದು ಸಲಾನೂ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಫೋನಲ್ಲೆಲ್ಲಾ ಕಸ್ಟಮ್ಸ್ ಲೈನು, ಕಸ್ಟಮ್ಸ್ ಲೈನು ಅಂತಲೇ ಅಂದೆ. ಬೇಕಾದ್ರೆ ವಿಚಾರಿಸ್ಕೋ."

ವಿಚಾರಿಸುವ ಅಗತ್ಯವಿರಲಿಲ್ಲ. ಶುಕ್ರಿ ಮೈಕು ಎತ್ತಿ, ಲಾರಿ ಅಲ್ಲೇ ನಿಲ್ಲಿ, ಎರಡು ನಿಮಿಷ, ಎಂದ. ಲಬೀಬ್ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು, ಕೂರಲು ಹೇಳದ್ದರಿಂದ ನೆಲದ ಮೇಲೇ ಕುಕ್ಕರಗಾಲಿನಲ್ಲಿ ಕೂತು, ಮೂರನೆಯ ಕಾರ್ಡನ್ನು ಮಲಗಿಸಿದ. ತೂಕದ ಅಂಕಿ ಆರಿತು. ಮುಂದಿನ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಏನು ಬಿದ್ದಳಾ ಹಾಜಿ ಎಂದು ಬಹಿಯ್ಯಾಳ ಹೆಸರು ಹಿಡಿದು ಕೂಗಿದ. ಹಿಂದಿನವನೊಬ್ಬ ಇನ್ನೇನೋ ಸೇರಿಸಿದ, ನಕ್ಕರು. ಶುಕ್ರಿಯ ಮುಖ ಕಲ್ಲಾಗಲಿಲ್ಲ, ಬಾಡಲೂ ಇಲ್ಲ; ಚೀಟಿ ಪುಸ್ತಕದ ಅಂಚನ್ನು ಮೇಜಿಗೆ ಕುಟ್ಟಿ ಸರಿಮಾಡಿಕೊಂಡ. ಈ ಮುಖವನ್ನು ಒಂಬತ್ತು ವರ್ಷ ಒಂದು ದಿನವೂ ಬಂದು ನೋಡಲಿಲ್ಲವಲ್ಲ ಎನಿಸಿ ಲಬೀಬನ ಬೆರಳು ತಪ್ಪು ಗುಂಡಿ ಒತ್ತಿತು. ಅಳಿಸಿ ಮತ್ತೆ ಒತ್ತಿದ. ಟಿಪ್ಪಣಿಯ ಸಾಲನ್ನೂ ಅಳಿಸಿದ. ಅಂಕಿ ಬೆಳಗಿತು. ಶುಕ್ರಿ ಮೈಕಿನಲ್ಲಿ, ಮುಂದೆ ಬಾ, ಎಂದ. ಲಾರಿ ಕಟ್ಟೆ ಹತ್ತಿತು, ಗೂಡು ಅಲುಗಿತು.

ಕೆಲಸ ಮುಗಿದಿತ್ತು. ಲಬೀಬ್ ಎದ್ದು ನಿಂತ. ಮಂಡಿಗೆ ಧೂಳು ಮೆತ್ತಿತ್ತು, ಒದರಲಿಲ್ಲ.

"ಹಾಜಿ, ನನ್ನ ಕ್ಷಮಿಸಿಬಿಡಿ."

ಶುಕ್ರಿ ತೂಕ ಬರೆದುಕೊಂಡು ಚೀಟಿ ಹರಿದು, ಕಿಟಕಿಯಿಂದ ಕೈ ಚಾಚಿ ಡ್ರೈವರಿಗೆ ಕೊಟ್ಟ.

"ನಾನಾಗ ಹುಡುಗ. ಬುದ್ಧಿ ಇರ್ಲಿಲ್ಲ."

"ಇಪ್ಪತ್ತೈದು. ಆ ವಯಸ್ಸಿಗೆ ನನಗೆ ಇಬ್ಬರು ಮಕ್ಕಳು."

"ಶಾಮಿಯಾನದಲ್ಲಿ..."

"ನೋಡಿದೆ. ಅದನ್ನ ಬಿಡಿಸಿ ಹೇಳ್ಬೇಡ."

ಮುಂದಿನ ಲಾರಿ ಹತ್ತಿತು. ಶುಕ್ರಿ ಬರೆದ, ಹರಿದ, ಕೊಟ್ಟ. ಲಬೀಬ್ ಬಾಗಿಲು ಬಿಟ್ಟು ಕದಲಲಿಲ್ಲ. ಬೀದಿಯಲ್ಲಿ ಕಾಲು ತುಳಿದವನಿಗೂ, ಚಿಲ್ಲರೆ ಇಲ್ಲವೆಂದ ಕಂಡಕ್ಟರಿಗೂ, ಬಾಗಿಲಿಗೆ ಬಂದ ಭಿಕ್ಷುಕನಿಗೂ ಈ ಊರಿನ ಜನ ದಿನಕ್ಕೆ ಹತ್ತು ಸಲ ಅನ್ನುವ ಒಂದು ಮಾತಿದೆ. ಅನ್ನುವವನಿಗೆ ಅದರಿಂದ ಏನೂ ಕಳೆಯುವುದಿಲ್ಲ, ಮನಸ್ಸಿನಲ್ಲಿ ಕ್ಷಮೆ ಇರಲೇಬೇಕೆಂದೂ ಇಲ್ಲ.

"ನೀವು ಕ್ಷಮಿಸಿದೆ ಅನ್ನೋದು ಬೇಡ ಹಾಜಿ. ದೇವರು ನಿನ್ನ ಕ್ಷಮಿಸಲಿ ಅಂತಾದ್ರೂ ಅನ್ನಿ. ಬಾಯಿಮಾತಿಗೆ. ಅಷ್ಟು ಸಾಕು, ಹೋಗ್ತೀನಿ."

ಶುಕ್ರಿ ಮೊದಲ ಸಲ ಅವನ ಮುಖವನ್ನು ನೇರ ನೋಡಿದ. ಕೋಪವಿರಲಿಲ್ಲ. ಚೆನ್ನಾಗಿ ನೋಡಿ, ತೂಗಿ, ಬರೆದುಕೊಂಡ ಹಾಗಿತ್ತು.

"ಅನ್ನಲ್ಲ," ಎಂದ.